ಅರಿಶಿನ ಹಚ್ಚಿದ ಪೇಟಿ

ನನ್ನ ಹತ್ತಿರ ಹಳೆಯ ಕಪ್ಪು ಬಿಳುಪು ಫೋಟೋ ಒಂದಿದೆ. ಅದರಲ್ಲಿ ನಾನು ಎರಡು ಜಡೆ ಮುಂದೆ ಇಳಿಬಿಟ್ಟುಕೊಂಡು, ಕತ್ತು ತುಸು ವಾರೆ ಮಾಡಿ, ಪೇಟಿ ಬಾರಿಸುತ್ತಿದ್ದೇನೆ. ಪೇಟಿ ಎಂದರೆ ಹಾರ್ಮೋನಿಯಂ. ಆದರೆ ನಮ್ಮ ಕಡೆ ಹಾರ್ಮೋನಿಯಂ ಎಂದರೆ ಯಾವುದೋ ಔಷಧ ಅಂದುಕೊಂಡಾರು. ನನ್ನ ಹಿಂದೆ ಒಂದು ಕೆರೆ, ಕೆರೆಯಲ್ಲಿ ಹಂಸ, ಹಂಸದ ಪಕ್ಕದಲ್ಲಿ ಎಲ್ಲಿಗೂ ಹೋಗದ ಮೆಟ್ಟಿಲು. ಮೊಮ್ಮಕ್ಕಳು ಇದನ್ನು ನೋಡಿ, "ಅಜ್ಜಿ, ಸಣ್ಣಾಕಿ ಇದ್ದಾಗ ಎಷ್ಟ ಚಂದ ಬಾರಸ್ತಿದ್ದಿ!" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಆ ಫೋಟೋ ತೆಗೆಸಿದ ದಿನದವರೆಗೆ ನಾನು ಪೇಟಿಯನ್ನು ಬೆರಳ ತುದಿಯಿಂದಲೂ ಮುಟ್ಟಿದವಳಲ್ಲ.

ಮನೆಯಲ್ಲಿ ಪೇಟಿ ಇರಲಿಲ್ಲವೆಂದಲ್ಲ. ಇತ್ತು, ಅದೇ ನನ್ನ ಹೊಟ್ಟೆಯುರಿ. ನವಲಗುಂದದ ಕಡೆಯ ನಮ್ಮ ಊರಿನ ಮಠದಲ್ಲಿ ಸೋಮವಾರ ಸಂಜೆ ಭಜನೆ. ಅದಕ್ಕೆ ಪೇಟಿ ಹಿಡಿಯುವವನು ನಮ್ಮ ಕಾಕಾ, ಅಪ್ಪನ ತಮ್ಮ. ಹಗಲೆಲ್ಲ ಹೊಲದಲ್ಲಿ ಹತ್ತಿ ಬಿಡಿಸುವವರ ಮೇಲೆ ಒದರಾಡಿ ಬಂದ ಮನುಷ್ಯ, ಪೇಟಿಯ ಮುಂದೆ ಕೂತ ಕೂಡಲೇ ಕಣ್ಣು ಮುಚ್ಚಿ ಸಾಧುವಾಗಿಬಿಡುತ್ತಿದ್ದ. ಉಳಿದ ಹೊತ್ತು ಅದು ಕೆಂಪು ಅರಿವೆಯಲ್ಲಿ ಸುತ್ತಿಕೊಂಡು ಪಡಸಾಲೆಯ ಎತ್ತರದ ಹಲಗೆಯ ಮೇಲೆ ಕೂತಿರುತ್ತಿತ್ತು. ಹೆಣ್ಣುಮಕ್ಕಳು ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. "ಹೆಣ್ಣಮಕ್ಕಳ ಕೈ ಹತ್ತಿದ್ರ ಸ್ವರಾ ಇಳೀತಾವ," ಎಂದು ಕಾಕಾ ಕಂಡಾಪಟ್ಟೆ ಗಂಭೀರವಾಗಿ ಹೇಳುತ್ತಿದ್ದ. ನಮ್ಮ ಮನೆಯ ಬೆಕ್ಕು ಅದೇ ಕೆಂಪು ಅರಿವೆಯ ಮೇಲೆ ಮಲಗಿ ಮರಿ ಹಾಕಿದಾಗ ಮಾತ್ರ ಯಾವ ಸ್ವರವೂ ಇಳಿಯಲಿಲ್ಲ. ಅದೂ ಹೆಣ್ಣೇ ಅಲ್ಲವೇ ಎಂದು ಕೇಳಿದ್ದಕ್ಕೆ ನನ್ನ ತಲೆಯ ಮೇಲೊಂದು ಮೊಟಕಿದ.

ಕಾಕಾನ ಹೆಂಡತಿ, ನಮ್ಮ ಕಾಕಿ, ಬಾಯಿಲ್ಲದವಳೆಂದು ಊರಿಗೆಲ್ಲ ಹೆಸರಾದವಳು. ಬಾಯಿ ಇತ್ತು, ಅಡುಗೆಮನೆಯಲ್ಲಿ ನಮ್ಮ ಮುಂದೆ ಮಾತ್ರ ತೆರೆಯುತ್ತಿತ್ತು. ಭಜನೆಯ ಮಂದಿ ಪಡಸಾಲೆಯಲ್ಲಿ ಕೂತು ತಾಲೀಮು ಮಾಡುವಾಗ ಆಕೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಕೈ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಹೊರಗೆ ಕಾಕಾ ಎಲ್ಲಿಯಾದರೂ ತಪ್ಪು ಸ್ವರ ಹಿಡಿದರೆ ಒಳಗೆ ಆಕೆಯ ಕೈ ಹಿಟ್ಟಿನ ಮೇಲೆ ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಬಡಿತ ಶುರು. ಇದನ್ನು ಕಂಡವಳು ನಾನೊಬ್ಬಳೇ.

ನಾನು ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ಕೂತ ವರ್ಷ ವರಗಳ ಮಾತು ಶುರುವಾಯಿತು. ಆಗ ನೋಡಲು ಬರುವ ಮೊದಲು ಹುಡುಗಿಯ ಫೋಟೋ ಹೋಗಬೇಕು, ಹುಡುಗನ ಫೋಟೋ ಬರಬೇಕು. ಅಪ್ಪನಿಗೆ ಎತ್ತು ಕೊಳ್ಳುವುದೊಂದು ಬಿಟ್ಟು ಯಾವ ವ್ಯವಹಾರವೂ ಬೇಡ. ಹೀಗಾಗಿ ನನ್ನನ್ನು ಬಸ್ಸಿನಲ್ಲಿ ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋದವನು ಕಾಕಾ.

ಸ್ಟುಡಿಯೋದ ಒಳಗಿನ ಕಪಾಟು ನೋಡಿ ನನಗೆ ಸಂತೆಗೆ ಬಂದ ಹಾಗಾಯಿತು. ಒಂದು ಕರಿ ಕೋಟು, ಒಂದು ಕೈಗಡಿಯಾರ, ಪ್ಲಾಸ್ಟಿಕ್ ಹೂವಿನ ಕುಂಡ, ಚರ್ಮದ ಚೀಲದ ಟ್ರಾನ್ಸಿಸ್ಟರ್ ರೇಡಿಯೋ. ಚೀಲದ ಹೆಗಲುಪಟ್ಟಿ ಹರಿದಿದ್ದಕ್ಕೆ ದಪ್ಪ ದಾರದಿಂದ ಗಂಟು ಹಾಕಿದ್ದರು, ಗಂಟಿನ ಎರಡು ತುದಿ ಮೊಲದ ಕಿವಿಯ ಹಾಗೆ ನಿಂತಿದ್ದವು. ರೇಡಿಯೋದ ಬಾಜೂಕ್ಕೆ ಒಂದು ಪೇಟಿ.

ಫೋಟೋ ತೆಗೆಯುವವರು ವಯಸ್ಸಾದವರು, ತಲೆಯ ಮೇಲೆ ಜಾಳಿಗೆ ಟೊಪ್ಪಿಗೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕಾಕಾನನ್ನು ಕೇಳಿದರು, "ಹುಡುಗಿಗೆ ಏನೇನ ಬರತೈತ್ರಿ?"

"ಎಲ್ಲಾ ಬರತೈತ್ರಿ. ರೊಟ್ಟಿ ಅಗದಿ ತೆಳ್ಳಗ ಬಡೀತಾಳ. ಶಾವಿಗಿ ಹೊಸೀತಾಳ. ಕಸೂತಿ ಹಾಕ್ತಾಳ."

"ರೊಟ್ಟಿ ಬಡಿಯೂದು ತಗದ್ರ ಬರೇ ನೆತ್ತಿ ಬೀಳತೈತ್ರಿ. ಶಾವಿಗಿ ಫೋಟೋದಾಗ ದಾರದ್ಹಂಗ ಕಾಣತೈತಿ. ಪೇಟಿ ಮುಂದ ಕೂಡಸ್ರಿ, ಜಗ್ಗ ಮಂದಿ ಹಂಗ ತಗಸ್ಯಾರ."

ಕಾಕಾನ ಮುಖ ನೋಡುವ ಹಾಗಿತ್ತು. ಸ್ವರ ಇಳಿಯುವ ಮಾತು ಅವನ ಗಂಟಲ ತನಕ ಬಂದು ನಿಂತಿತು. ಕೊನೆಗೆ, "ಖರೇ ಬಾರಸೂದೇನ ಇಲ್ಲಲ್ಲ, ಬರೇ ಕೂಡೂದು. ಕೂಡವಾ," ಎಂದ. ನಾನು ಕೂತೆ. ಹುಟ್ಟಿದಾಗಿನಿಂದ ಕಾದದ್ದು ಎದುರಿಗೇ ಇತ್ತು. ಫೋಟೋದವರು ಕರಿ ಅರಿವೆಯೊಳಗೆ ತಲೆ ಹಾಕಿದ್ದೇ ತಡ, ಎಡಗೈಯಿಂದ ಗಾಳಿ ಹಾಕಿ ಒಂದು ಬಿಳಿ ಮನೆ, ಅಂದರೆ ಸ್ವರದ ಕೀಲಿ, ಒತ್ತಿದೆ. ಸದ್ದೇ ಇಲ್ಲ. ಮತ್ತೊಂದು ಒತ್ತಿದೆ. ಊಹೂಂ. "ಒಳಗಿಂದೆಲ್ಲಾ ಇಲಿ ತಿಂದಾವ್ರಿ, ಸುಮ್ನ ನಗ್ರಿ," ಎಂದು ಅರಿವೆಯೊಳಗಿಂದ ದನಿ ಬಂತು. ಫೋಟೋದಲ್ಲಿ ನನ್ನ ಕತ್ತು ವಾರೆಯಾಗಿರುವುದು ರಾಗದಲ್ಲಿ ಮುಳುಗಿದ್ದಕ್ಕಲ್ಲ, ಒಳಗೆ ಏನಾದರೂ ಉಳಿದಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ.

ಫೋಟೋ ಸಂಶಿಯ ಒಂದು ಮನೆಗೆ ಹೋಯಿತು. ಸಂಬಂಧ ತಂದವರು ಕಾಕಾನ ಭಜನೆಯ ಗೆಳೆಯರೇ. ಅವರು ಆ ಕಡೆಯಿಂದ ಹುಡುಗನ ಫೋಟೋ ತಂದರು. "ಸೊಸೈಟಿಯೊಳಗ ನೌಕರಿ, ಸ್ವಂತ ರೇಡಿಯೋ ಐತಿ," ಎಂದು ಪಡಸಾಲೆಯಲ್ಲಿ ಗಟ್ಟಿಯಾಗಿ ಸಾರಿದರು. ಫೋಟೋ ಕೈಯಿಂದ ಕೈಗೆ ದಾಟಿ ಅಡುಗೆಮನೆಗೆ ಬಂತು. ನಾನು ಹುಡುಗನ ಮುಖ ನೋಡಿದ್ದು ಕಟ್ಟಕಡೆಗೆ. ಮೊದಲು ಕಂಡದ್ದು ಹಂಸ. ಆಮೇಲೆ ಮೆಟ್ಟಿಲು. ಆಮೇಲೆ ಆ ಕರಿ ಕೋಟು, ತೋಳು ಗೇಣುದ್ದ ಹೆಚ್ಚಾಗಿ ಬೆರಳೇ ಕಾಣುತ್ತಿರಲಿಲ್ಲ. ತೊಡೆಯ ಮೇಲೆ ರೇಡಿಯೋ, ರೇಡಿಯೋದ ಪಟ್ಟಿಗೆ ಮೊಲದ ಕಿವಿಯ ಗಂಟು.

ಕಾಕಿಯ ಕಿವಿಯಲ್ಲಿ ಹೇಳಿದೆ. ಆಕೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಪಡಸಾಲೆಗೆ ಹೋಗಿ ಹೇಳಿಬಿಡಲೇ ಎಂದರೆ ನನ್ನ ರಟ್ಟೆ ಹಿಡಿದಳು. "ಹುಚ್ಚಿ, ಇಂಥಾದನ್ನ ಲಗೂನ ಖರ್ಚ ಮಾಡಬಾರದು. ಇಟ್ಟಿರು, ಬೇಕಾಕ್ಕೈತಿ," ಎಂದಳು.

ಎಂಟು ದಿನ ಕಳೆಯುವುದರೊಳಗೆ ಗೆಳೆಯರು ಮತ್ತೆ ಬಂದರು. ಹುಡುಗನ ಅವ್ವನಿಗೆ ಭಜನೆಯೆಂದರೆ ಜೀವ. ಫೋಟೋ ನೋಡಿ ಹಿಗ್ಗಿದ್ದಾರೆ, ಹುಡುಗಿಯ ಪೇಟಿ ಕೇಳಲೇಬೇಕೆಂದಿದ್ದಾರೆ. ಕಾಕಾ ಕುಡಿಯುತ್ತಿದ್ದ ಚಹಾ ಮೂಗಿಗೆ ಹತ್ತಿತು. ಗೆಳೆಯರು ಅತ್ತ ಹೋದ ಮೇಲೆ ನಮ್ಮ ಆಯಿ, ಎಂದರೆ ಅಪ್ಪ-ಕಾಕಾರನ್ನು ಹೆತ್ತ ಅಜ್ಜಿ, ಕೋಲು ಕುಟ್ಟಿಕೊಂಡು ನಡುಮನೆಯಿಂದ ಬಂದಳು.

"ಬರೂದಿಲ್ಲ ಅಂತ ಹೇಳ್ಲ್ಯಾ, ಕಲಸ್ತೀಯೋ?"

"ಹೆಣ್ಣಮಕ್ಕಳಿಗೆ ಹೆಂಗ ಕಲಸೂದ ಬೇ..."

"ಫೋಟೋ ತಗಸಾಗ ಹೆಣ್ಣಮಗಳು ಇರಲಿಲ್ಲೇನ ಅಕಿ? ತಗೀ ಕೆಳಗ ಅದನ್ನ."

ಕಾಕಾ ಸ್ಟೂಲು ಹತ್ತಿ ಪೇಟಿ ಇಳಿಸಿದ. ಕೆಂಪು ಅರಿವೆ ಬಿಚ್ಚಿದಾಗ ಬೆಕ್ಕಿನ ಕೂದಲು ಹಾರಿ ಅವನಿಗೇ ಸೀನು ಬಂತು.

ಮೊದಲ ಸ್ವರ ಹೊರಟಾಗ, ಸುಳ್ಳು ಹೇಳುವುದೇಕೆ, ಅಳುವೇ ಬಂತು. ಇಷ್ಟು ವರ್ಷ ನನ್ನ ತಲೆಯ ಮೇಲಿನ ಹಲಗೆಯಲ್ಲಿ ಇದು ಬಾಯಿ ಮುಚ್ಚಿಕೊಂಡು ಕೂತಿತ್ತಲ್ಲ ಎಂದು ಸಿಟ್ಟೂ ಬಂತು. ಕಾಕಾನಿಗೆ ಕಲಿಸಿ ಗೊತ್ತಿಲ್ಲ, ಬೈದು ಗೊತ್ತು. "ಆ ಮನಿ ಅಲ್ಲ ಬೇ, ಅದರ ಬಾಜೂದು. ಆ ಬಾಜೂ ಅಲ್ಲ, ಈ ಬಾಜೂ!" ಬಿಳಿ ಮನೆಗಳೆಲ್ಲ ನನ್ನ ಕಣ್ಣಿಗೆ ಒಂದೇ ತರಹ. ಆಗ ಉಪಾಯ ತೆಗೆದವಳು ಕಾಕಿ. ಕಾಕಾ ಹೊಲಕ್ಕೆ ಹೋದಾಗ ಅರಿಶಿನ ಕಲಸಿಕೊಂಡು ಬಂದು, ಕಡ್ಡಿಯ ತುದಿಯಿಂದ ನನ್ನ ಭಜನೆಗೆ ಬೇಕಾದ ಮನೆಗಳಿಗೆಲ್ಲ ಒಂದೊಂದು ಚುಕ್ಕೆ ಇಟ್ಟಳು. ಎಲ್ಲಿ ಇಡಬೇಕೆಂದು ನಾನು ಹೇಳುವ ಮೊದಲೇ ಇಡುತ್ತಿದ್ದಳು. ನಾನು ಒತ್ತಿದರೆ, ಹೌದು ಎಂದೋ ಅಲ್ಲ ಎಂದೋ ತಲೆ ಆಡಿಸುವಳು. ನೀನೇ ಒತ್ತು ಕಾಕಿ ಎಂದರೆ ಕೈ ಹಿಂದಕ್ಕೆ ಕಟ್ಟಿಕೊಂಡು, "ಬ್ಯಾಡವಾ, ನಂದೇನೈತಿ," ಎನ್ನುವಳು.

ಸಂಜೆ ಚುಕ್ಕೆ ನೋಡಿ ಕಾಕಾ ಹೌಹಾರಿದ. "ಪೇಟಿಗೆ ಅರಿಷಿಣಾ ಹಚ್ಚೀರೇನ? ಮದಲಗಿತ್ತಿ ಅಕಿಯೋ, ಪೇಟಿಯೋ?" ಎಂದು ಕೂಗಾಡಿದ. ಮರುದಿನದಿಂದ ತಾನೇ "ಎರಡನೇ ಚುಕ್ಕಿ ಒತ್ತು, ಮೂರನೇ ಚುಕ್ಕಿ ಬಿಡು" ಎಂದು ಪಾಠ ಹೇಳತೊಡಗಿದ.

ಈಗ ನನಗೊಂದು ಹೊಸ ಸಂಕಟ ಹತ್ತಿಕೊಂಡಿತು. ಬೀಗರಾಗುವವರು ಬಂದು ಕೇಳಿ ಹೋದರೆಂದರೆ ಪೇಟಿ ಮತ್ತೆ ಹಲಗೆ ಹತ್ತುತ್ತದೆ. ಸಂಬಂಧ ಕೂಡಿಬಂದರೂ ಅಷ್ಟೇ, ಮುರಿದರೂ ಅಷ್ಟೇ. ನನಗೆ ಗಂಡನಿಗಿಂತ ಪೇಟಿ ಬೇಕಾಗಿತ್ತು, ಇದನ್ನು ಇಂದಿಗೂ ನಮ್ಮವರ ಮುಂದೆ ಹೇಳಿ ನಗಿಸುತ್ತೇನೆ. ಅದಕ್ಕೇ ಬಂದದ್ದನ್ನೂ ಬಾರದವಳಂತೆ ತಪ್ಪು ಒತ್ತುತ್ತಿದ್ದೆ. ಒಮ್ಮೆ ಬೆರಳು ನೋವು, ಒಮ್ಮೆ ನೆಗಡಿ. ಪೇಟಿಗೂ ನೆಗಡಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಹೀಗೆ ಎಳೆದೆಳೆದು ಅರ್ಧ ಭಜನೆಗೆ ಬಂದು ನಿಂತಿದ್ದೆವು. ಗೆಳೆಯರು ಇನ್ನು ತಡೆಯಲಿಲ್ಲ, ಮುಂದಿನ ಸೋಮವಾರವೇ ಕರೆದುಕೊಂಡು ಬರುತ್ತೇವೆಂದು ಹೇಳಿ ಕಳಿಸಿದರು.

ಸೋಮವಾರ ಮನೆಯೆಲ್ಲ ಸಾರಿಸಿ, ಪಡಸಾಲೆಯಲ್ಲಿ ನವಲಗುಂದದ ಜಮಖಾನೆ ಹಾಸಿದೆವು. ಉಪ್ಪಿಟ್ಟು, ಶಿರಾ. ಬಂದವರು ಹುಡುಗ, ಅವನ ಅವ್ವ, ಅವನ ಸೋದರಮಾವ. ಹುಡುಗನಿಗೆ ಕೋಟಿರಲಿಲ್ಲ, ಹೀಗಾಗಿ ಬೆರಳುಗಳು ಕಂಡವು, ಚೆನ್ನಾಗಿಯೇ ಇದ್ದವು. ಚಹಾ ಆದ ಮೇಲೆ ಪೇಟಿ ತಂದಿಟ್ಟರು. ನಾನು ಸೆರಗು ಸರಿಮಾಡಿಕೊಂಡು ಕೂತು ಕೆಳಗೆ ನೋಡಿದೆ.

ಚುಕ್ಕೆ ಒಂದೂ ಇರಲಿಲ್ಲ.

ಅವರು ಬರುವ ಸ್ವಲ್ಪ ಮುಂಚೆ ಆಯಿ ದೇವರ ಪೂಜೆಗೆ ಕೂತಿದ್ದಳು. ಸೋಮವಾರ, ಶುಭಕಾರ್ಯ ಬೇರೆ. ಪೇಟಿಯೂ ಭಜನೆಯ ಪೇಟಿ, ಅದಕ್ಕೂ ಪೂಜೆಯಾಗಲಿ ಎಂದು ಹಸಿ ಅರಿವೆಯಿಂದ ಮೇಲಿಂದ ಕೆಳಗೆ ಒರೆಸಿದ್ದಳು. ಪೇಟಿಯ ಮುಂಭಾಗಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಹಚ್ಚಿ, ಕಣಗಿಲೆ ಹೂ ಏರಿಸಿದ್ದಳು. ಬಿಳಿ ಮನೆಗಳು ಹಲ್ಲು ತಿಕ್ಕಿದ ಹಾಗೆ ಹೊಳೆಯುತ್ತಿದ್ದವು. ಆಯಿ ಮೂಲೆಯಲ್ಲಿ ಕೂತು, ಹೆಂಗೈತಿ ನನ್ನ ಪೂಜಿ ಎನ್ನುವ ಹಾಗೆ ನನ್ನತ್ತ ನೋಡುತ್ತಿದ್ದಳು. ಕಣ್ಣು ಮಂಜಾದ ಆಕೆ ಚುಕ್ಕೆಯನ್ನು ಯಾರೋ ಮಕ್ಕಳು ಅರಿಶಿನದ ಕೈ ಹಚ್ಚಿದ ಕಲೆಯೆಂದೇ ತಿಳಿದಿದ್ದಳು.

ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಒಂದು ಮನೆ ಒತ್ತಿದೆ, ಎಮ್ಮೆಯಂತೆ ಒದರಿತು. ಇನ್ನೊಂದು ಒತ್ತಿದೆ, ಅದರ ಕರು ಒದರಿತು. ಕಾಕಾ ತೊಲೆ ಜಂತಿ ಎಣಿಸತೊಡಗಿದ. ಸೋದರಮಾವ ಮೀಸೆಯಲ್ಲೇ ನಕ್ಕು, "ಫೋಟೋದಾಗ ಭಾಳ ಚಂದ ಬಾರಸಾಕ್ಹತ್ತಿದ್ದೆಲ್ಲವಾ, ಈಗೇನಾತು?" ಎಂದ.

ಆ ಮೀಸೆಯ ನಗು ನನ್ನನ್ನು ಕೆರಳಿಸಿತು. ಕಾಕಿ ಇಟ್ಟಿರು ಎಂದಿದ್ದನ್ನು ಖರ್ಚು ಮಾಡುವ ಹೊತ್ತು ಬಂದಿತ್ತು.

"ಫೋಟೋದಾಗಿನ ಪೇಟಿ ಬ್ಯಾರೆ ಐತ್ರಿ," ಎಂದೆ. "ಅದು ಹುಬ್ಬಳ್ಳಿ ಸ್ಟುಡಿಯೋದಾಗ ಐತಿ. ಇವರ ರೇಡಿಯೋದ ಬಾಜೂಕ."

ಕಾಕಾನ ಮುಖ ಬೂದಿಯಾಯಿತು. ಗೆಳೆಯರು ಎಲೆಯಡಿಕೆ ಚೀಲದೊಳಗೆ ಕೈ ಹಾಕಿ ಹೊರಗೆ ತೆಗೆಯಲೇ ಇಲ್ಲ. ಸಂಬಂಧ ಹೋಯಿತು, ಪೇಟಿಯೂ ಹೋಯಿತು ಎಂದುಕೊಂಡೆ. ಹುಡುಗ ಕಿವಿಯ ತನಕ ಕೆಂಪಾಗಿ ನೆಲ ನೋಡುತ್ತಿದ್ದವನು ಮೆಲ್ಲಗೆ ತಲೆ ಎತ್ತಿ ನನ್ನನ್ನೇ ನೋಡಿದ.

"ಕೋಟೂ ಅಲ್ಲೇ ಐತ್ರಿ," ಎಂದ. "ಗಡಿಯಾರಾನೂ."

ಆ ಗಳಿಗೆಗೆ ಆ ಮನುಷ್ಯ ನನಗೆ ಹಿಡಿಸಿಬಿಟ್ಟ.

ಮೊದಲು ನಕ್ಕವಳು ಅವನ ಅವ್ವ. ಆ ತಾಯಿ ಜಮಖಾನೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಮ್ಮನ ಕಡೆ ತಿರುಗಿ, "ಕೋಟು ಹಾಕಸಬ್ಯಾಡ, ಬೆದರಗೊಂಬಿ ಹಂಗ ಕಾಣತಾನ ಅಂದ್ನಿಲ್ಲೋ?" ಎಂದು ಬೈದಳು. ಅದು ಹೊಲದಲ್ಲಿ ನಿಲ್ಲುವ ಹಾಗೆ ನಮಗೆ ಕೈಯಗಲಿಸಿ ತೋರಿಸಿದಳು. ಆಮೇಲೆ ಕಣ್ಣೊರೆಸಿಕೊಂಡು, "ಆತು ಬಿಡವಾ. ಖರೇ ಎಷ್ಟ ಬರತೈತಿ, ಅಷ್ಟ ಬಾರಸು. ನಾ ಕೇಳಾಕ ಬಂದಾಕಿ, ಕೇಳಿಯೇ ಹೋಗಾಕಿ," ಎಂದಳು.

ನಾನು ಮತ್ತೆ ಗಾಳಿ ಹಾಕಿದೆ. ಬೆರಳಿಗೆ ದಾರಿ ಮಾತ್ರ ಇನ್ನೂ ಕಾಣಲೊಲ್ಲದು. ಆಗ ಅಡುಗೆಮನೆಯ ಬಾಗಿಲ ಮರೆಯಿಂದ, ಬಹಳ ಸಣ್ಣಗೆ, ಭಜನೆಯ ಮೊದಲ ಸಾಲು ಕೇಳಿಸಿತು. ತನ್ನ ತಗ್ಗಿನ ದನಿಯನ್ನು ನನ್ನ ಸ್ವರಕ್ಕೆ ಏರಿಸಿ ಕಾಕಿ ಹಾಡುತ್ತಿದ್ದಳು. ಗಂಡಸರು ಕೂತಲ್ಲಿ ಎಂದೂ ಉಸಿರೆತ್ತದವಳು. ಆ ದನಿಯ ಹಿಂದೆ ನನ್ನ ಬೆರಳು ತಡವುತ್ತ ತಡವುತ್ತ ಹೊರಟಿತು, ಮೊದಲ ಸ್ವರ ಸಿಕ್ಕಿತು, ಅದರ ಬೆನ್ನಿಗೆ ಎರಡನೆಯದು ಸಿಕ್ಕಿತು. ಕಲಿತ ಅರ್ಧ ಮುಗಿದಲ್ಲಿ ನಾನು ನಿಲ್ಲಿಸಿದೆ. ಒಳಗಿನ ದನಿ ನಿಲ್ಲಲಿಲ್ಲ. ಪೇಟಿಯಿಲ್ಲದೆಯೇ ಮುಂದೆ ಹೋಗಿ, ಪೂರ್ತಿ ಮುಗಿಸಿ, ಆಮೇಲೆ ಹೆದರಿದ್ದಕ್ಕೇನೋ ಒಳಗೊಂದು ಪಾತ್ರೆ ಬಿತ್ತು. ಕಾಕಾ ತೊಲೆ ಎಣಿಸುವುದನ್ನು ಬಿಟ್ಟು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದ. ಆ ಬಾಗಿಲನ್ನು ಅವನು ಹಿಂದೆ ಎಂದಾದರೂ ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

ಅವರು ಹೋದ ಮೇಲೆ ಕಾಕಾ, ನಾನು ಮನೆತನದ ಮಾನ ಕಳೆದೆನೆಂದು ಗೊಣಗುತ್ತ ಕೆಂಪು ಅರಿವೆ ಸುತ್ತಿ, ಪೇಟಿಯನ್ನು ಹಲಗೆಗೆ ಏರಿಸಿದ. ನಾನು ಅಂದು ಊಟ ಬಿಟ್ಟೆ. ಸಂಬಂಧ ಮುರಿದದ್ದಕ್ಕೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಕಾಕಿಯೊಬ್ಬಳೇ ಹಲಗೆಯ ಕಡೆ ನೋಡಿದಳು.

ವಾರ ಕಳೆದ ಮೇಲೆ ಗೆಳೆಯರು ಬಂದು ಹೊಸ್ತಿಲಲ್ಲೇ ಹೇಳಿದರು. "ಒಪ್ಪಿಗಿ ಐತಿ. ಆದ್ರ ಹುಡುಗನ ಅವ್ವ ಒಂದ ಮಾತ ಹೇಳಿ ಕಳಿಸ್ಯಾರ. ಭಜನಿ ಅರ್ಧಕ್ಕ ನಿಂತೈತಿ, ಪೂರಾ ಕಲಿಸಿ ಕಳಸ್ರಿ ಅಂತ."

ಆಯಿ ಕೋಲಿನ ತುದಿಯಿಂದ ಸ್ಟೂಲನ್ನು ಕಾಕಾನ ಕಡೆ ದೂಡಿದಳು, ಅಷ್ಟೇ.

ಉಳಿದರ್ಧವನ್ನು ನಾನು ಮದುವೆಯ ಹಿಂದಿನ ವಾರದವರೆಗೂ ಕಲಿತೆ. ಅಷ್ಟು ನಿಧಾನವಾಗಿ ಯಾರೂ ಯಾವುದನ್ನೂ ಕಲಿತಿರಲಿಕ್ಕಿಲ್ಲ. ಮದುವೆಯಾಗಿ ಸಂಶಿಗೆ ಹೋದೆ. ಅಲ್ಲಿ ಪೇಟಿ ಇರಲಿಲ್ಲ, ರೇಡಿಯೋವೂ ಇರಲಿಲ್ಲ, ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರಿಂದ ಜಗಳವೂ ಆಗಲಿಲ್ಲ. ಅತ್ತೆಗೆ ನಾನು ಬಾಯಲ್ಲೇ ಹಾಡಿ ತೋರಿಸುತ್ತಿದ್ದೆ.

ಪಂಚಮಿಗೆ ಮೊದಲ ಸಲ ತವರಿಗೆ ಬಂದೆ. ಒಳಗೆ ಕಾಲಿಡುತ್ತಲೇ ಕಣ್ಣು ಹಲಗೆಯ ಕಡೆ ಹೋಯಿತು. ಹಲಗೆ ಖಾಲಿ. ಅರಿವೆಯ ಮೇಲೆ ಬೆಕ್ಕು ಮಾತ್ರ ಮಲಗಿತ್ತು. ಪೇಟಿ ಕೆಳಗೆ, ಅಡುಗೆಮನೆಯ ಬಾಗಿಲಿಗೆ ತೀರ ಹತ್ತಿರ, ಚಾಪೆಯ ಮೇಲೆ ಇತ್ತು. ಬಿಳಿ ಮನೆಗಳ ಮೇಲೆ ಅರಿಶಿನದ ಚುಕ್ಕೆ.

ನನಗಾಗಿ ಇಟ್ಟಿದ್ದಾರೆಂದು ಹಿಗ್ಗಿ ಹೋಗಿ ಕೂತೆ. ಮೊದಲ ಚುಕ್ಕೆ ಒತ್ತಿದರೆ ನನ್ನ ಸ್ವರ ಬರಲಿಲ್ಲ. ಚುಕ್ಕೆಗಳೆಲ್ಲ ನನ್ನವಿದ್ದ ಜಾಗದಿಂದ ಎಡಕ್ಕೆ ಸರಿದಿದ್ದವು, ನನ್ನದಕ್ಕಿಂತ ತಗ್ಗಿನ ದನಿಯ ಯಾರಿಗೋ ಹೊಂದುವ ಹಾಗೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದ. ನನ್ನ ಮುಖ ನೋಡದೆ, "ಚುಕ್ಕಿ ಅಳಸಬ್ಯಾಡ ಬೇ, ಈಗಷ್ಟ ಇಟ್ಟೀನಿ. ಹಸಿ ಐತಿ," ಎಂದ.

ಊಟಕ್ಕೆ ಕೂತಾಗ ಕಾಕಿ ಬಿಸಿ ರೊಟ್ಟಿ ತಂದು ಹಾಕಿದಳು. ಜೋಳದ ಬಿಳಿ ರೊಟ್ಟಿಯ ಮೇಲೆ ಹಳದಿ ಬೆರಳಿನ ಗುರುತುಗಳಿದ್ದವು. ಬಾಜೂಕ್ಕೆ ನೋಡಿದೆ, ಕಾಕಾನ ತಾಟಿನ ರೊಟ್ಟಿಯ ಮೇಲೂ ಇದ್ದವು. ಅವನು ಅದನ್ನು ಒಂದು ಗಳಿಗೆ ನೋಡಿದ. ಆ ಗುರುತು ಇದ್ದ ತುಂಡನ್ನೇ ಮೊದಲು ಮುರಿದು ತಿಂದ.